ಕುರ್ಚಿಯ ಜಗಳ, ಪಾಲಿನ ಜಗಳ

ದಲಿತ ಚಳವಳಿ ಒಡೆದು ಹೋಯಿತು ಎಂದು ಅಳುವವರಿಗೆ ಈ ನಾಡಿನೊಳಗ ಎಂದೂ ಬರ ಬಿದ್ದಿಲ್ಲ. ಚಳವಳಿ ಇಡಿಯಾಗಿದ್ದಾಗ ಅದರ ಹತ್ತಿರ ಸುಳಿಯದವರೂ ಈಗ ಬಂದು ಅಳುತ್ತಾರೆ. ಭೂಮಿ ಕೇಳಿದಾಗ ಕಿವುಡರಾಗಿದ್ದವರು, ಕೆರೆಯ ನೀರು ಮುಟ್ಟಿದಾಗ ಕಲ್ಲು ಎತ್ತಿಕೊಂಡವರು, ಈಗ ಹಿರಿಯಣ್ಣನ ಗತ್ತಿನಿಂದ 'ನಿಮ್ಮೊಳಗ ನೀವ ಬಡದಾಡಾಕ ಹತ್ತೀರಿ, ನಿಮಗ ಯಾರೇನು ಕೊಟ್ಟಾರು?' ಎಂದು ಬುದ್ಧಿ ಹೇಳುತ್ತಾರೆ. ಈ ಅಳುವಿನ ಒಳಗೆ ಒಂದು ನೆಮ್ಮದಿಯ ಉಸಿರು ಇರುವುದು ನಮಗೆ ಕೇಳಿಸದೆ ಇಲ್ಲ. ಅಂಥವರಿಗೆ ಉತ್ತರ ಕೊಡುವುದು ಈ ಬರಹದ ಕೆಲಸವಲ್ಲ.

ಉತ್ತರ ಕೊಡಬೇಕಾದದ್ದು ನಮ್ಮ ಓಣಿಗೆ. ಏಪ್ರಿಲ್ 14 ಬಂತೆಂದರೆ ಒಂದೇ ಊರಿನಲ್ಲಿ ಎರಡು ಮೆರವಣಿಗೆ, ಎರಡು ಪೆಂಡಾಲು, ಎರಡು ಚಂದಾ ಪಟ್ಟಿ. ಬಾಬಾಸಾಹೇಬರ ಫೋಟೋ ಒಂದೇ, ಕೆಳಗೆ ಬರೆಸಿದ ಹೆಸರು ಬೇರೆ. ಕೂಲಿ ಮುಗಿಸಿ ಬಂದ ಮುದುಕಿ ಕೇಳುತ್ತಾಳೆ: 'ಯಪ್ಪಾ, ನಿನ್ನೆ ಚಂದಾ ಒಯ್ದೋರು ಬ್ಯಾರೇನು, ನೀವು ಬ್ಯಾರೇನು?' ನಮ್ಮ ಯಾವ ಪ್ರಣಾಳಿಕೆಯಲ್ಲೂ ಆಕೆಗೆ ಉತ್ತರ ಇಲ್ಲ. ಆಕೆ ಹತ್ತು ರೂಪಾಯಿ ಕೊಟ್ಟಿದ್ದಾಳೆ. ಲೆಕ್ಕ ಕೇಳುವ ಹಕ್ಕು ಆಕೆಗಿದೆ.

ಚಳವಳಿಯ ಒಳಜಗಳದಿಂದ ನಿಜವಾದ ಬದಲಾವಣೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. 'ಒಗ್ಗಟ್ಟಿನಲ್ಲಿ ಬಲವಿದೆ, ಜಗಳ ನಿಲ್ಲಿಸಿ' ಎನ್ನುವುದು ಒಂದು. ಇದು ಶಾಲೆಯ ಗೋಡೆಯ ಮೇಲಿನ ಉತ್ತರ. 'ಜಗಳ ಜೀವಂತಿಕೆಯ ಲಕ್ಷಣ' ಎನ್ನುವುದು ಇನ್ನೊಂದು. ಇದು ವಿಚಾರ ಸಂಕಿರಣದ ಮಧ್ಯಾಹ್ನದ ಊಟದ ನಂತರದ ಉತ್ತರ. ಎರಡೂ ಸೋಮಾರಿ ಉತ್ತರಗಳು. ಯಾವ ಜಗಳ, ಯಾರು ಯಾರ ನಡುವೆ, ಯಾತಕ್ಕಾಗಿ ಎಂಬುದನ್ನು ಎರಡೂ ಕೇಳುವುದಿಲ್ಲ. ನಮ್ಮ ವಾದ ಇಷ್ಟು: ಜಗಳದಲ್ಲಿ ಎರಡು ಜಾತಿ ಇವೆ. ಒಂದು ಕುರ್ಚಿಯದು, ಇನ್ನೊಂದು ಪಾಲಿನದು. ಮೊದಲನೆಯದು ಚಳವಳಿಯನ್ನು ತಿನ್ನುತ್ತದೆ. ಎರಡನೆಯದು ಚಳವಳಿಗೆ ಅನ್ನ ಹಾಕುತ್ತದೆ. ಕಷ್ಟ ಏನೆಂದರೆ ಎರಡೂ ಒಂದೇ ಅಂಗಿ ತೊಟ್ಟು, ಒಂದೇ ಘೋಷಣೆ ಕೂಗುತ್ತ ಬರುತ್ತವೆ.

*

ಮೊದಲು ಒಂದು ಭ್ರಮೆ ಒಡೆಯಬೇಕು. ಹಿಂದೆ ಎಲ್ಲರೂ ಒಂದಾಗಿದ್ದರು, ಆಮೇಲೆ ಜಗಳ ಶುರುವಾಗಿ ಹಾಳಾಯಿತು ಎಂಬ ಪುರಾಣ ನಮ್ಮಲ್ಲೂ ಬೆಳೆದಿದೆ. ಚರಿತ್ರೆ ಹಾಗಿಲ್ಲ. ನಮ್ಮ ಚಳವಳಿ ಹುಟ್ಟಿದ್ದೇ ಜಗಳದ ಹೊಟ್ಟೆಯಿಂದ.

1973ರ ನವೆಂಬರಿನಲ್ಲಿ, ದೇವರಾಜ ಅರಸು ಸಂಪುಟದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಆ ಒಂದು ಮಾತಿಗೆ ನಾಡು ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಮಂತ್ರಿ ಪದವಿ ಹೋಯಿತು. ಆದರೆ ಆ ಏಟು ತಿಂದ ಹುಡುಗರೇ ನಾಳೆಯ ಕವಿಗಳಾದರು, ಕಾರ್ಯಕರ್ತರಾದರು. ಅದೇ ದಶಕದ ನಡುವಿನಲ್ಲಿ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತನದಲ್ಲಿ ದಲಿತ ಸಂಘರ್ಷ ಸಮಿತಿ ಕಣ್ಣು ಬಿಟ್ಟಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದೊಳಗ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಚೆನ್ನಣ್ಣ ವಾಲೀಕಾರ ಕೇಳಿದರು, ಪರಿಷತ್ತು ಒಪ್ಪಲಿಲ್ಲ. ಆ ವರ್ಷವೇ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಒಂದು ಗೋಷ್ಠಿಯ ಜಾಗ ಕೊಡದ ಮನೆಯಿಂದ ಹೊರಬಂದವರು ತಮ್ಮದೇ ಮನೆ ಕಟ್ಟಿದರು.

ಅಂದು ಪರಿಷತ್ತಿನ ಹಿರಿಯರೂ ಇದೇ ಮಾತು ಆಡಿದ್ದರೆಂಬುದನ್ನು ಮರೆಯಬಾರದು. ಸಾಹಿತ್ಯದಲ್ಲಿ ದಲಿತ, ಬಂಡಾಯ ಎಂದು ಭೇದ ಮಾಡಬೇಡಿ, ಕನ್ನಡವೆಲ್ಲ ಒಂದು ಎಂದು! ಒಗ್ಗಟ್ಟಿನ ಮಾತು ಯಾವಾಗಲೂ ಮೇಲಿನ ಜಗಲಿಯಿಂದಲೇ ಯಾಕೆ ಕೇಳಿಬರುತ್ತದೆ? ಒಟ್ಟಿಗೆ ಇರೋಣ ಎನ್ನುವವನು ಉಣ್ಣುತ್ತ ಕೂತಿರುತ್ತಾನೆ, ಜಗಳಗಂಟ ಎನಿಸಿಕೊಳ್ಳುವವನು ಬಾಗಿಲ ಹೊರಗೆ ತಾಟು ಹಿಡಿದು ನಿಂತಿರುತ್ತಾನೆ. ಅಂದು ಹೊರಗೆ ನಿಂತವರು ನಾವಾಗಿದ್ದರಿಂದ ಜಗಳ ನ್ಯಾಯ ಎನಿಸಿತು. ಇಂದು ನಮ್ಮ ಬಾಗಿಲ ಹೊರಗೆ ಯಾರಾದರೂ ನಿಂತಿದ್ದರೆ ಅದು ಹ್ಯಾಂಗ ಅನ್ಯಾಯ ಆಗ್ತದ?

*

ಸಿದ್ಧಲಿಂಗಯ್ಯನವರ ಮೊದಲ ಸಂಕಲನ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಅದರ ಒಳಗಿನ ಬೆಂಕಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಹೊರಗಿನ ರಟ್ಟಿನ ಮೇಲಿನ ಹೆಸರಿನ ಮುಂದೆ ಮಾತ್ರ ನಮ್ಮ ವಿಮರ್ಶಕರು ನಿಂತಿಲ್ಲ. ಹೊಲೆಯರು, ಮಾದಿಗರು ಎಂಬ ಎರಡು ಕೇರಿಗಳನ್ನು, ಊರು ಬೈಗುಳವಾಗಿ ಬಳಸುತ್ತಿದ್ದ ಎರಡು ಹೆಸರುಗಳನ್ನು, ಕವಿ ಒಂದೇ ಪದವಾಗಿ ಕೂಡಿಸಿದ್ದಾನೆ. ಬೈಗುಳ ಹಾಡಿನ ಒಡೆತನವಾಗಿ ತಿರುಗಿದೆ. ಇದು ಸಣ್ಣ ಕೆಲಸವಲ್ಲ. ಎರಡು ಕೇರಿಗಳ ನಡುವೆ ನೀರು, ಕೂಳು, ಹೆಣ್ಣು-ಗಂಡು ಯಾವುದರ ಕೊಡುಕೊಳೆಯೂ ಸಲೀಸಾಗಿ ಇಲ್ಲದ ಕಾಲದಲ್ಲಿ ಭಾಷೆಯೊಳಗ ಆ ಕೂಡಿಕೆ ಆಯಿತು. ಚಳವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾವ್ಯ ಅದನ್ನು ಮಾಡಿತು.

ಸಾಲಿ ವ್ಯಾಕರಣದಲ್ಲಿ ಇದಕ್ಕೆ ದ್ವಂದ್ವ ಸಮಾಸ ಎನ್ನುತ್ತಾರೆ. ಗಿಡಮರ, ಕೆರೆಕಟ್ಟೆ ಇದ್ದಂತೆ. ದ್ವಂದ್ವದಲ್ಲಿ ಎಲ್ಲ ಪದಗಳಿಗೂ ಸಮ ತೂಕ. ತತ್ಪುರುಷ ಹಾಗಲ್ಲ, ಅಲ್ಲಿ ಒಂದು ಪದ ಯಜಮಾನ, ಇನ್ನೊಂದು ಅದರ ಆಳು. ನಮ್ಮ ಚಳವಳಿಯ ಐವತ್ತು ವರ್ಷದ ಒಳಜಗಳವನ್ನು ಒಂದು ಸಾಲಿನಲ್ಲಿ ಹೇಳಬೇಕೆಂದರೆ ಹೀಗೆ ಹೇಳಬಹುದು: ದ್ವಂದ್ವ ಎಂದು ಹೇಳಿ ಸೇರಿಸಿಕೊಂಡದ್ದು ನಡೆಯುತ್ತ ನಡೆಯುತ್ತ ತತ್ಪುರುಷವಾಯಿತು ಎಂದು ಒಂದು ಕೇರಿ ತಕರಾರು ಎತ್ತಿತು. 'ಹೆಸರಿನ್ಯಾಗ ನಾವು ಅದೀವಿ, ಹುದ್ದೆಯೊಳಗ ಇಲ್ಲ. ಮೆರವಣಿಗ್ಯಾಗ ಅದೀವಿ, ವೇದಿಕಿ ಮ್ಯಾಲ ಇಲ್ಲ' ಎಂದಿತು. ದ್ವಂದ್ವ ಎಂಬ ಪದಕ್ಕೆ ಜೋಡಿ ಎಂಬ ಅರ್ಥವೂ ಇದೆ, ಕಾದಾಟ ಎಂಬ ಅರ್ಥವೂ ಇದೆ. ಸಮ ತೂಕ ಬೇಕೆಂದರೆ ಕಾದಾಟ ತಪ್ಪದು ಎಂಬುದನ್ನು ಹಳೆಯ ವೈಯಾಕರಣಿಗಳು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು ಎಂದು ತೋರುತ್ತದೆ.

*

ಕುರ್ಚಿಯ ಜಗಳ ಯಾವುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಚುನಾವಣೆಗೆ ಹೋಗಬೇಕೋ ಬೇಡವೋ, ಹೋದರೆ ಯಾವ ಪಕ್ಷದ ಜೋಡಿ ಎಂಬ ಪ್ರಶ್ನೆ 80ರ ದಶಕದಿಂದಲೇ ದಸಂಸವನ್ನು ಕಾಡಿತು. 1988ರಲ್ಲಿ ಸಿದ್ಧಲಿಂಗಯ್ಯ ವಿಧಾನ ಪರಿಷತ್ತಿಗೆ ಹೋದಾಗ ಒಂದು ಗುಂಪು ಕುಣಿಯಿತು, ಇನ್ನೊಂದು ಗುಂಪು ಕವಿ ಕಳೆದುಹೋದ ಎಂದಿತು. ನಿಜವಾಗಿ ಅದು ಒಳ್ಳೆಯ ಪ್ರಶ್ನೆಯೇ ಆಗಿತ್ತು. ಅಧಿಕಾರದ ಮನೆಯೊಳಗ ಹೋಗಿ ಕೆಲಸ ಮಾಡಿಸುವುದೋ, ಹೊರಗೆ ನಿಂತು ಕದ ಬಡಿಯುವುದೋ? ಲೋಹಿಯಾ, ಮಾರ್ಕ್ಸ್, ಅಂಬೇಡ್ಕರ್ ಓದಿದವರು ಕೂತು ವರ್ಷಗಟ್ಟಲೆ ವಾದ ಮಾಡಬೇಕಾಗಿದ್ದ ಪ್ರಶ್ನೆ. ಆ ವಾದ ಅರ್ಧಕ್ಕೇ ನಿಂತು, ಯಾರ ಹತ್ತಿರ ಲೆಟರ್‌ಹೆಡ್ ಇದೆ, ಯಾರ ಹತ್ತಿರ ಸೀಲು ಇದೆ ಎಂಬಲ್ಲಿಗೆ ಬಂತು. ಬಣದ ಹೆಸರಿನ ಮುಂದೆ ಕಂಸ, ಕಂಸದೊಳಗ ಇನ್ನೊಂದು ಹೆಸರು. ಒಂದು ಬಣಕ್ಕೂ ಇನ್ನೊಂದು ಬಣಕ್ಕೂ ಸಿದ್ಧಾಂತದಲ್ಲಿ ಏನು ಭೇದ ಎಂದು ತಾಲೂಕು ಸಂಚಾಲಕನನ್ನು ಕೇಳಿ. ಅವನು ಹೆಸರು ಹೇಳುತ್ತಾನೆ, ಭೇದ ಹೇಳುವುದಿಲ್ಲ.

ಮಹಾರಾಷ್ಟ್ರದ ನಮ್ಮ ಅಣ್ಣಂದಿರ ಕಥೆಯೂ ಇದೇ. ಬಾಬಾಸಾಹೇಬರು ತೀರಿಕೊಂಡ ಮರುವರ್ಷ, 1957ರಲ್ಲಿ, ರಿಪಬ್ಲಿಕನ್ ಪಕ್ಷ ಹುಟ್ಟಿತು. ಎರಡೇ ವರ್ಷಕ್ಕೆ ಬಿರುಕು ಬಿಟ್ಟಿತು. ಆದರೆ ಆ ಮೊದಲ ಬಿರುಕಿನೊಳಗ ಒಂದು ತಿರುಳಿತ್ತು. ದಾದಾಸಾಹೇಬ ಗಾಯಕವಾಡರು ಭೂಹೀನರ ಸತ್ಯಾಗ್ರಹ ಕಟ್ಟುತ್ತಿದ್ದರು, ಬಿ. ಸಿ. ಕಾಂಬಳೆಯವರ ಕಡೆಯವರು ಅದರೊಳಗ ಕಮ್ಯುನಿಸ್ಟರ ವಾಸನೆ ಹಿಡಿದರು, ಸಂವಿಧಾನದ ದಾರಿ ಸಾಕೆಂದರು. ಧೋತರದವರು ಒಂದು ಕಡೆ, ಸೂಟುಬೂಟಿನವರು ಒಂದು ಕಡೆ. ಆ ಜಗಳದಿಂದಲೂ ಗಾಯಕವಾಡರ ಭೂ ಸತ್ಯಾಗ್ರಹ ನಿಲ್ಲಲಿಲ್ಲ; 1964ರಲ್ಲಿ ದೇಶದ ತುಂಬ ಜನ ಜೈಲು ತುಂಬಿದರು. ಆಮೇಲಿನ ಒಡಕುಗಳಲ್ಲಿ ತಿರುಳು ಕಡಿಮೆಯಾಗುತ್ತ, ಸಿಪ್ಪೆ ಹೆಚ್ಚುತ್ತ ಹೋಯಿತು. 1972ರಲ್ಲಿ ಗುಡುಗಿದ ದಲಿತ ಪ್ಯಾಂಥರ್ಸ್ 1974ಕ್ಕೆ ಒಡೆಯಿತು. ನಾಮದೇವ ಢಸಾಳರ ಮಾರ್ಕ್ಸು, ರಾಜಾ ಢಾಲೆಯವರ ಬುದ್ಧ ಎಂದು ಅದಕ್ಕೆ ಹೆಸರು. ಬುದ್ಧ ಮತ್ತು ಮಾರ್ಕ್ಸರ ಬಗ್ಗೆ ಬಾಬಾಸಾಹೇಬರೇ ಬದುಕಿನ ಕೊನೆಯ ತಿಂಗಳಲ್ಲಿ ಕಠ್ಮಂಡುವಿನಲ್ಲಿ ನಿಂತು ತಣ್ಣಗೆ, ತೂಗಿ ಮಾತಾಡಿದ್ದರು. ಅವರ ಮಕ್ಕಳಿಗೆ ಅಷ್ಟು ತಾಳ್ಮೆ ಉಳಿಯಲಿಲ್ಲ.

ಕುರ್ಚಿಯ ಜಗಳದ ಬೆಲೆ ಕೊಡುವವರು ಕುರ್ಚಿಯ ಹತ್ತಿರ ಇರುವವರಲ್ಲ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗ ಕೂಡಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿ ಬಿದ್ದರು ಎಂದು ಕಾಗದ ಹೇಳುತ್ತದೆ. ಸಾಕ್ಷಿ ಯಾಕೆ ತಿರುಗಿ ಬೀಳುತ್ತಾನೆ? ದಿನಾ ಬೆಳಗಾದರೆ ಅದೇ ಊರಿನಲ್ಲಿ ಕೂಲಿಗೆ ಹೋಗಬೇಕಾದವನ ಬೆನ್ನಿಗೆ ಆರು ವರ್ಷ ಬಿಡದೆ ನಿಲ್ಲುವ ಒಂದು ಸಂಘಟನೆ ಬೇಕಾಗುತ್ತದೆ. ಘಟನೆಯಾದ ವಾರ ಎಲ್ಲ ಬಣಗಳ ಬ್ಯಾನರೂ ಊರಿಗೆ ಬರುತ್ತವೆ. ಆರನೆಯ ವರ್ಷ ಕೋರ್ಟಿನ ಮೆಟ್ಟಿಲ ಮೇಲೆ ಎಷ್ಟು ಬಣ ಉಳಿಯುತ್ತವೆ? ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ 1987ರಲ್ಲಿ ದಲಿತರ ಬಾಯಿಗೆ ಹೇಲು ತುರುಕಿದಾಗ ನಾಡೆಲ್ಲ ಒಂದು ಗಂಟಲಿನಿಂದ ಕೂಗಿತ್ತು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಗೆ ಅಡ್ಡ ನಿಂತ ಕಾರ್ಯಕರ್ತರ, ಪೊಲೀಸರ ಬಟ್ಟೆ ಬಿಚ್ಚಿ ಹೊಡೆದರು. ಆದರೂ ಆ ಸೇವೆ ನಿಂತೇ ಹೋಯಿತು. ಒಂದಾಗಿ ನಿಂತಾಗ ಏನು ಆಗುತ್ತದೆ ಎಂಬುದಕ್ಕೆ ಲೆಕ್ಕ ಇದೆ. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

*

ನಮ್ಮ ಧಾರವಾಡ ಸೀಮೆಯ ಎರಿ ನೆಲದಾಗ ಇನ್ನೊಂದು ಪಾಠ ಹುಗಿದು ಕೂತಿದೆ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ, ನೀರಿನ ಕರದ ವಿರುದ್ಧ ಎದ್ದು ನಿಂತರು. ಗೋಲಿಬಾರಿನಲ್ಲಿ ಹೆಣ ಬಿದ್ದವು. ಆ ಹೆಣದ ಮೇಲೆ ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿತು ಎಂದರೂ ತಪ್ಪಲ್ಲ; ಗುಂಡೂರಾವ್ ಸರಕಾರ 1983ರಲ್ಲಿ ಮಣ್ಣು ಮುಕ್ಕಿತು. 1989ರಲ್ಲಿ ಬಾಬಾಗೌಡ ಪಾಟೀಲರು ವಿಧಾನಸಭೆಗೆ ಆರಿಸಿ ಹೋದರು. ಆಮೇಲೆ ಇದೇ ಧಾರವಾಡ ಗ್ರಾಮೀಣ ಕ್ಷೇತ್ರದಿಂದ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರೂ ಹೋದರು. ಅದಾದ ಮೇಲೆ ಸಂಘ ಒಡೆಯಿತು. ಪಾಟೀಲರು 1998ರಲ್ಲಿ ಭಾಜಪದಿಂದ ಬೆಳಗಾವಿಯ ಸಂಸದರಾಗಿ ವಾಜಪೇಯಿ ಸರಕಾರದಲ್ಲಿ ಮಂತ್ರಿಯಾದರು. ಹಸಿರು ಶಾಲು ಹಲವು ಹೆಗಲಿಗೆ ಹಂಚಿಹೋಯಿತು.

ಎಲ್ಲರೂ ನಾಯಕರ ಜಗಳದಿಂದ ರೈತ ಸಂಘ ಒಡೆಯಿತು ಎನ್ನುತ್ತಾರೆ. ನಾವು ಬೇರೆ ಮಾತು ಹೇಳುತ್ತೇವೆ. ಆಗಬೇಕಾಗಿದ್ದ ಜಗಳ ಆಗದೆ ಇದ್ದುದರಿಂದ ಅದು ಒಳಗೇ ಸೊರಗಿತು. ನವಲಗುಂದದ ಎರಿ ಹೊಲದಾಗ ಕಾಲುವೆ ನೀರು ಬಂದ ಮೇಲೆ ಹತ್ತಿ ಬಿಡಿಸುವ, ಕಳೆ ತೆಗೆಯುವ ಹೆಣ್ಣಾಳಿನ ಕೂಲಿ ಎಷ್ಟು? ಹೊಲ ಇರುವವನಿಗೆ ಬೆಲೆ ಬೇಕು, ಹೊಲ ಇಲ್ಲದವನಿಗೆ ಕೂಲಿ ಬೇಕು. ಇಬ್ಬರನ್ನೂ 'ರೈತ' ಎಂಬ ಒಂದೇ ಪದದೊಳಗ ಕೂಡಿಸಿ, ಹಳ್ಳಿ ಒಂದು ಕಡೆ, ದಿಲ್ಲಿ ಇನ್ನೊಂದು ಕಡೆ ಎಂದು ಹೇಳಿಬಿಟ್ಟರು. ಹಳ್ಳಿಯೊಳಗೇ ಒಂದು ದಿಲ್ಲಿ ಇದೆ, ಅದು ಗೌಡರ ವಾಡೆಯ ಹತ್ತಿರ ಇದೆ ಎಂದು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳುವವರು ಬೇಕಾಗಿತ್ತು. ಹೇಳಿದ್ದರೆ ಜಗಳವಾಗುತ್ತಿತ್ತು, ಕೆಲವರು ಹೊರಗೆ ಹೋಗುತ್ತಿದ್ದರು. ಆದರೆ ಒಳಗೆ ಉಳಿದವರ ಜೊತೆಗೆ ಕೇರಿಯ ಜನ ಬರುತ್ತಿದ್ದರು. ಕೂಲಿಯ ಜಗಳ ಒಳಗೆ ಬರಲಿಲ್ಲ; ಕುರ್ಚಿಯ ಜಗಳ ಬಂತು. ಪಾಲಿನ ಜಗಳಕ್ಕೆ ಬಾಗಿಲು ಹಾಕಿದ ಚಳವಳಿಗೆ ಕುರ್ಚಿಯ ಜಗಳ ಕಿಟಕಿ ಹಾದು ಬರುತ್ತದೆ.

*

ಪಾಲಿನ ಜಗಳ ಏನು ಮಾಡಬಲ್ಲದು ಎಂಬುದಕ್ಕೆ ಒಳಮೀಸಲಾತಿಯ ಹೋರಾಟವೇ ದೊಡ್ಡ ಸಾಕ್ಷಿ.

ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. ಎಲ್ಲರ ಪಾಲೂ ಒಂದೇ ತಾಟಿನಲ್ಲಿ. ತಾಟಿನ ಹತ್ತಿರ ಕೂತವರು ಉಂಡರು, ದೂರ ಕೂತವರು ನೋಡಿದರು. ಇದನ್ನು ಮಾದಿಗ ಸಮುದಾಯದ ಹುಡುಗರು ಎತ್ತಿ ಆಡಿದಾಗ ನಮ್ಮವರೇ ಏನೆಂದರು? ಚಳವಳಿ ಒಡೆಯುವ ಹುನ್ನಾರ ಎಂದರು. ಮನುವಾದಿಗಳ ಕೈವಾಡ ಎಂದರು. ಮೊದಲು ಎಲ್ಲರಿಗೂ ಸಿಗಲಿ, ಆಮೇಲೆ ಹಂಚಿಕೊಳ್ಳೋಣ ಎಂದರು. 1979ರಲ್ಲಿ ಸಾಹಿತ್ಯ ಪರಿಷತ್ತು ನಮಗೆ ಹೇಳಿದ ಮಾತನ್ನೇ ನಮ್ಮ ವೇದಿಕೆಯಿಂದ ನಮ್ಮ ತಮ್ಮಂದಿರಿಗೆ ಹೇಳಿದೆವು.

ಅವರು ಸುಮ್ಮನಾಗಲಿಲ್ಲ. 1994ರಲ್ಲಿ ಆಂಧ್ರದಲ್ಲಿ ಮಂದಕೃಷ್ಣ ಮಾದಿಗರು ದಂಡೋರ ಬಾರಿಸಿದರು. ಡಪ್ಪಿನ ಸಪ್ಪಳ ಗಡಿ ದಾಟಿ ಇಲ್ಲಿಗೂ ಬಂತು. 2005ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಆಯೋಗ ಆಯಿತು, 2012ರಲ್ಲಿ ವರದಿ ಬಂತು, ಬೀರುವಿನೊಳಗ ಹೋಗಿ ಕೂತಿತು. 2022ರ ಕೊನೆಗೆ ಹರಿಹರದ ಪ್ರೊ. ಬಿ. ಕೃಷ್ಣಪ್ಪನವರ ಸಮಾಧಿಯಿಂದ ಬೆಂಗಳೂರಿನವರೆಗೆ ಪಾದಯಾತ್ರೆ ನಡೆಯಿತು. ಅದೇ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ದಸಂಸದ ಹಲವು ಬಣಗಳು ಐಕ್ಯ ಹೋರಾಟ ಎಂದು ಒಂದಾಗಿ ನಿಂತವು. ಒಂದೇ ಕಾಲದಲ್ಲಿ ಒಂದು ಮೈದಾನದಿಂದ ಐಕ್ಯ ಎಂಬ ಕೂಗು, ಒಂದು ರಸ್ತೆಯಿಂದ ಪಾಲು ಎಂಬ ಕೂಗು. ಎರಡೂ ಕಡೆ ಕೃಷ್ಣಪ್ಪನವರ ಫೋಟೋ. ಎರಡನ್ನೂ ಎದುರಾಳಿ ಎಂದು ನೋಡಿದವರು ಆ ಮನುಷ್ಯನನ್ನು ಅರ್ಧ ಮಾತ್ರ ಓದಿದವರು.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಪರಿಶಿಷ್ಟ ಜಾತಿಗಳೊಳಗ ಉಪವರ್ಗೀಕರಣ ಮಾಡಬಹುದು ಎಂದಿತು. 2004ರ ತನ್ನದೇ ತೀರ್ಪನ್ನು ತಿರುಗಿಸಿತು. ನ್ಯಾಯಮೂರ್ತಿ ಎಚ್. ಎನ್. ನಾಗಮೋಹನ ದಾಸ್ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅದೇ ತಿಂಗಳು 19ರಂದು ಸಂಪುಟ ಶೇಕಡಾ 17ರ ಮೀಸಲಾತಿಯನ್ನು 6, 6, 5 ಎಂದು ಹಂಚುವ ತೀರ್ಮಾನ ಮಾಡಿತು. ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5. ಮೂವತ್ತು ವರ್ಷ 'ಒಡೆಯುವವರು' ಎಂದು ಬೈಸಿಕೊಂಡವರ ಜಗಳ ನಾಡಿನ ಲೆಕ್ಕದ ಪುಸ್ತಕದೊಳಗ ಅಂಕಿಯಾಗಿ ಬಂದು ಕೂತಿತು. ಇದು ಬದಲಾವಣೆ ಅಲ್ಲವೆಂದರೆ ಬದಲಾವಣೆ ಎನ್ನುವುದು ಯಾವುದಕ್ಕೆ?

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆಯೋಗ ಅಲೆಮಾರಿಗಳಾದ 59 ಸಣ್ಣ ಜಾತಿಗಳಿಗೆ ಪ್ರತ್ಯೇಕ ಶೇಕಡಾ 1 ಹೇಳಿತ್ತು. ಸಂಪುಟ ಅದನ್ನು ತೆಗೆದು, ಅವರನ್ನು ಬಲವಾದ ಜಾತಿಗಳ ಜೊತೆ 5ರ ಗುಂಪಿಗೆ ಹಾಕಿತು. ಅಲೆಮಾರಿಗಳು ಬೀದಿಗೆ ಬಂದರು. ಪಾಲು ಕೇಳಿ ಗೆದ್ದ ದೊಡ್ಡ ಅಣ್ಣಂದಿರಲ್ಲಿ ಎಷ್ಟು ಮಂದಿ ಅವರ ಜೊತೆ ಹೋಗಿ ಕೂತರು? ಪಾಲಿನ ಜಗಳ ನ್ಯಾಯದ್ದೇ ಆಗಿದ್ದರೆ ತನ್ನ ಪಾಲು ಸಿಕ್ಕ ಮರುದಿನ ಅದು ನಿಲ್ಲಬಾರದು. ತನ್ನ ಪಾಲು ಸಿಕ್ಕ ಕೂಡಲೇ 'ಇನ್ನು ಸಾಕು, ಒಗ್ಗಟ್ಟಾಗಿರೋಣ' ಎಂದು ಯಾರು ಹೇಳುತ್ತಾರೋ ಅವರ ಜಗಳ ಅರ್ಧ ಕುರ್ಚಿಯದಾಗಿತ್ತು ಎಂದೇ ಅರ್ಥ.

*

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು. ಕುರ್ಚಿಗೂ ಪಾಲಿಗೂ ಇಷ್ಟು ಸಲೀಸಾಗಿ ಗೆರೆ ಎಳೆಯಲು ಬರುತ್ತದೆಯೇ? ಕುರ್ಚಿಯೂ ಒಂದು ಪಾಲೇ ಅಲ್ಲವೇ? ವೇದಿಕೆಯ ಮೇಲೆ ಎಂದೂ ಕೂರದ ಜಾತಿಯವನು ಕುರ್ಚಿ ಕೇಳಿದರೆ ಅದು ಅಧಿಕಾರದ ಹಸಿವೋ, ನ್ಯಾಯದ ಹಸಿವೋ?

ನಿಜ. ಗೆರೆ ಸಲೀಸಿಲ್ಲ. ಆದರೆ ಪರೀಕ್ಷೆ ಇದೆ. ಆ ಕುರ್ಚಿಯ ಮೇಲೆ ಕೂತವನು ಬದಲಾದರೆ ಕೆಳಗೆ ನೆಲದ ಮೇಲೆ ಕೂತವಳ ಕೂಲಿ, ನೀರು, ಹೊಲ, ಸಾಲಿ, ಮರ್ಯಾದೆ ಇವುಗಳಲ್ಲಿ ಏನು ಬದಲಾಗುತ್ತದೆ ಎಂದು ಹೇಳಲು ಬಂದರೆ ಅದು ಪಾಲಿನ ಜಗಳ. ಹೇಳಲು ಬರದಿದ್ದರೆ ಕುರ್ಚಿಯದು. ಇನ್ನೊಂದು ಪರೀಕ್ಷೆ, ಜಗಳ ಎಲ್ಲಿ ನಡೆಯುತ್ತದೆ ಎಂಬುದು. ಪಾಲಿನ ಜಗಳ ಬಯಲಿನಲ್ಲಿ, ಕಾಗದದ ಮೇಲೆ, ಅಂಕಿಸಂಖ್ಯೆ ಇಟ್ಟುಕೊಂಡು ನಡೆಯುತ್ತದೆ. ಕುರ್ಚಿಯ ಜಗಳ ಪ್ರವಾಸಿ ಮಂದಿರದ ಕೋಣೆಯೊಳಗ, ಫೋನಿನೊಳಗ, ಕಿವಿಯೊಳಗ ನಡೆಯುತ್ತದೆ.

ನಮ್ಮ ಅಳ್ನಾವರ ಜಂಕ್ಷನ್ನಿನಾಗ ಹಳಿ ಕವಲೊಡೆಯುತ್ತದೆ. ಒಂದು ಲೋಂಡಾ ಕಡೆ, ಒಂದು ದಾಂಡೇಲಿ ಕಡೆ. ಹಳಿ ಕವಲೊಡೆಯಿತು ಎಂದು ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಎಲ್ಲಿ ಕವಲೊಡೆಯಿತು, ಯಾವ ಗಾಡಿ ಯಾವ ಕಡೆ ಎಂಬುದು ಬರೆದಿಟ್ಟಿರುತ್ತದೆ. ಅದಕ್ಕೇ ಜಂಕ್ಷನ್ ಅನ್ನೋದು. ಬರೆದಿಡದೆ, ಹೇಳದೆ, ಕೇಳದೆ ಕವಲೊಡೆದರೆ ಅದಕ್ಕೆ ಅಪಘಾತ ಅಂತಾರ. ನಮ್ಮ ಬಣಗಳು ಒಡೆದಾಗ ಯಾಕೆ ಒಡೆದೆವು ಎಂದು ಎರಡು ಪುಟ ಬರೆದಿಟ್ಟವರು ಎಷ್ಟು ಮಂದಿ?

*

ಈ ಬರವಣಿಗೆಯ ಕೆಲಸ ಸಾಹಿತ್ಯದ್ದು. ಇಲ್ಲಿ ನಮ್ಮ ಕಾವ್ಯವನ್ನು ತರಾಟೆಗೆ ತೆಗೆದುಕೊಳ್ಳದೆ ಬಿಡಲಾಗದು.

ದಲಿತ-ಬಂಡಾಯ ಕಾವ್ಯದ ದೊಡ್ಡ ಶಕ್ತಿ ಅದರ 'ನಾವು'. ನವ್ಯದ ಕವಿ 'ನಾನು' ಎಂದು ನರಳುತ್ತಿದ್ದಾಗ ನಮ್ಮ ಅಣ್ಣಂದಿರು 'ನಾವು' ಎಂದು ಗುಡುಗಿದರು. ಕನ್ನಡ ಪದ್ಯದ ಗಂಟಲೇ ಬದಲಾಯಿತು. ಆದರೆ ಆ 'ನಾವು' ಎದುರಿನ ಧಣಿಯನ್ನು, ಪುರೋಹಿತನನ್ನು ನೋಡಿ ಮಾತಾಡಿತೇ ಹೊರತು ತನ್ನ ಹಿಂದೆ ನಿಂತವರನ್ನು ತಿರುಗಿ ನೋಡಲಿಲ್ಲ. ಆ 'ನಾವು' ಒಳಗೆ ಯಾರು ಎಷ್ಟು ಮಂದಿ? ಅದರಲ್ಲಿ ಸಮಗಾರ ಇದ್ದಾನೆಯೇ, ಚನ್ನದಾಸರ ಹುಡುಗ ಇದ್ದಾನೆಯೇ? ಮೆರವಣಿಗೆಯಿಂದ ಬಂದವರಿಗೆ ರೊಟ್ಟಿ ಬಡಿದು ಹಾಕಿದವಳು ಇದ್ದಾಳೆಯೇ, ದೇವದಾಸಿ ಬಿಟ್ಟ ಅವ್ವ ಇದ್ದಾಳೆಯೇ? 1982ರಲ್ಲಿ ದೇವದಾಸಿ ಪದ್ಧತಿಯ ನಿಷೇಧದ ಕಾಯ್ದೆ ಬಂತು. ನಮ್ಮ ಪದ್ಯಗಳಲ್ಲಿ ಆಕೆ ಆಮೇಲೂ ಬಹುಕಾಲ ಉಪಮೆಯಾಗಿಯೇ ಉಳಿದಳು. ಧಣಿಯ ಕ್ರೌರ್ಯಕ್ಕೆ ಸಾಕ್ಷಿ ಎಂದು ಆಕೆಯನ್ನು ತಂದು ನಿಲ್ಲಿಸಿದೆವು. ಗಂಡಸರಾದ ನಮ್ಮ ಮೇಲೆ ದೂರು ಹೇಳಲು ಆಕೆಗೆ ಬಾಯಿ ಕೊಡಲಿಲ್ಲ.

ಗದ್ಯ ಈ ವಿಷಯದಲ್ಲಿ ಪದ್ಯಕ್ಕಿಂತ ಪ್ರಾಮಾಣಿಕವಾಗಿತ್ತು. ದೇವನೂರ ಮಹಾದೇವರ 'ಒಡಲಾಳ' ನೋಡಿ. ಸಾಕವ್ವನ ಮನೆಯಲ್ಲಿ ಜಗಳ ಇದೆ, ಪಾಲಿನ ಮಾತು ಇದೆ, ಕಳೆದ ಹುಂಜದ ಹುಡುಕಾಟ ಇದೆ. ಅದೇ ಮನೆಯವರು ರಾತ್ರಿ ಕಡಲೆಕಾಯಿಯ ಸುತ್ತ ಕೂತು ಒಂದಾಗಿ ತಿನ್ನುತ್ತಾರೆ. ಆ ಕೂಡುವಿಕೆ ಯಾರೋ ಹೊರಗಿನಿಂದ ಹೇಳಿದ ಒಗ್ಗಟ್ಟಲ್ಲ. ಜಗಳ ಆಡಿದ ಬಾಯಿಗಳೇ ಹಸಿವಿನಿಂದ ಒಂದಾದದ್ದು. ಮಹಾದೇವ ಆ ಮನೆಯನ್ನು ಶುದ್ಧ ಮಾಡಿ, ಜಗಳ ತೆಗೆದು, ಶೋಷಿತರ ಆದರ್ಶ ಕುಟುಂಬ ಎಂದು ನಮಗೆ ಮಾರಿಲ್ಲ. ಅದಕ್ಕೇ ಬೆಳಿಗ್ಗೆ ಪೊಲೀಸರು ಬಂದಾಗ ನಮ್ಮ ಎದೆ ನಡುಗುವುದು. ಅರವಿಂದ ಮಾಲಗತ್ತಿಯವರ 'ಗೌರ್ನಮೆಂಟ್ ಬ್ರಾಹ್ಮಣ' ಎಂಬ ಹೆಸರೇ ಓದಿ ನೌಕರಿ ಹಿಡಿದವನ ಕಡೆಗೆ ಬೆರಳು ತೋರಿಸುತ್ತದೆ. ಮನೆತನದಲ್ಲಿ ಮೊದಲ ಡಿಗ್ರಿ ಕಾಗದ ಕಂಡ ನಮ್ಮಂಥವರು ಆ ಹೆಸರನ್ನು ದಿನಕ್ಕೊಮ್ಮೆ ಓದಿಕೊಳ್ಳಬೇಕು.

ಇದು ನಮಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಈಗ ಎಲ್ಲರೂ ಒಂದೇ ದನಿಯ ಭಜನೆಯಂತೆ ಹಾಡುತ್ತಾರೆ. 'ಶೂನ್ಯಸಂಪಾದನೆ' ತೆರೆದು ನೋಡಿದರೆ ಅದು ಮೊದಲಿಂದ ಕೊನೆಯವರೆಗೆ ವಾದ, ಮರುವಾದ, ತಕರಾರು. ಆಯ್ದಕ್ಕಿ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಒಲೆ ಹಚ್ಚಲಿಲ್ಲ. ಹೆಚ್ಚಿನದನ್ನು ತಿರುಗಿ ಚೆಲ್ಲಿ ಬಾ ಎಂದಳು. ಚಳವಳಿಯೊಳಗಿನ ಹೆಂಗಸು, ಚಳವಳಿಯೊಳಗಿನ ಗಂಡನಿಗೆ, ಮುಷ್ಟಿ ಅಕ್ಕಿಯ ಮೇಲೆ ಆಡಿದ ಜಗಳ ಅದು. ಎಂಟು ನೂರು ವರ್ಷ ಉಳಿದಿದೆ. ಯಾಕೆಂದರೆ ಆಕೆ ಕೇಳಿದ್ದು ಕುರ್ಚಿಯನ್ನಲ್ಲ, ಲೆಕ್ಕವನ್ನು.

*

ಹಾಗಾದರೆ ನಾವೇನು ಮಾಡಬೇಕು?

ಒಗ್ಗಟ್ಟು ಎಂಬ ಪದವನ್ನು ಬಾಯಿ ಮುಚ್ಚಿಸಲು ಬಳಸುವುದನ್ನು ಮೊದಲು ನಿಲ್ಲಿಸಬೇಕು. ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು 'ನಮ್ಮ ಜಾತಿಯವರು ಈ ತಾಲೂಕು ಸಮಿತಿಯೊಳಗ ಯಾಕಿಲ್ಲ?' ಎಂದರೆ, 'ಇದು ಜಾತಿ ಕೇಳುವ ಜಾಗ ಅಲ್ಲ' ಎಂದು ಕೂರಿಸಬಾರದು. ಜಾತಿ ಕೇಳುವ ಜಾಗ ನಮ್ಮದಲ್ಲದಿದ್ದರೆ ಇನ್ನಾವುದು? ಹಾಗೆಯೇ ಒಂದು ಬಣ ಹೊರಗೆ ಹೋಗುವುದಾದರೆ ಯಾಕೆ ಹೋಗುತ್ತೇವೆ ಎಂದು ಬರೆದು, ಓಣಿಯಲ್ಲಿ ಓದಿ ಹೇಳಿ, ಚಂದಾದ ಲೆಕ್ಕ ಒಪ್ಪಿಸಿ ಹೋಗಲಿ. ಬರೆಯಲು ಕಾರಣ ಸಿಗದಿದ್ದರೆ ಹೋಗಬೇಡಿ. ದೌರ್ಜನ್ಯ ನಡೆದ ಊರಿನಲ್ಲಿ ಮಾತ್ರ ಬಣ ಇಲ್ಲ. ಅಲ್ಲಿ ಎಲ್ಲರ ಬ್ಯಾನರೂ ಮಡಚಿ ಇಡಬೇಕು, ಸಾಕ್ಷಿಯ ಬೆನ್ನಿಗೆ ಕೊನೆಯ ತೀರ್ಪಿನವರೆಗೆ ಪಾಳಿ ಹಚ್ಚಿ ನಿಲ್ಲಬೇಕು.

ಇಂಥ ಸಣ್ಣ ಪತ್ರಿಕೆಗಳ ಕೆಲಸವೂ ಇಲ್ಲೇ ಇದೆ. ಧಾರವಾಡದಲ್ಲಿ 1964ರಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಮೂವರು ಗೆಳೆಯರು ಕೂಡಿ 'ಸಂಕ್ರಮಣ' ತೆಗೆದರು; ಆಮೇಲೆ ಮೂವರ ದಾರಿ ಬೇರೆಯಾಯಿತು. ಆದರೂ ಪತ್ರಿಕೆ ಬಹುಕಾಲ ನಡೆಯಿತು, ಕನ್ನಡಕ್ಕೆ ಜಗಳ ಕಲಿಸಿತು. ಜಗಳ ಅಚ್ಚಾದರೆ ವಿಮರ್ಶೆಯಾಗುತ್ತದೆ, ಅಚ್ಚಾಗದಿದ್ದರೆ ಚಾಡಿಯಾಗುತ್ತದೆ. ನಮ್ಮ ಕವಿಗಳು ಹೊರಗಿನ ಶತ್ರುವಿನ ಮೇಲೆ ಬರೆದಷ್ಟೇ ನಿಷ್ಠುರವಾಗಿ ಒಳಗಿನ ಪಾಲಿನ ಮೇಲೂ ಬರೆಯಲಿ. ಅಲೆಮಾರಿ ಹುಡುಗ ಬರೆದ ಪದ್ಯ ನಮಗೇ ಬಯ್ದರೂ ಮೊದಲ ಪುಟದಲ್ಲಿ ಅಚ್ಚಾಗಲಿ.

ಒಳಜಗಳದಿಂದ ಬದಲಾವಣೆ ಬರುತ್ತದೋ ಇಲ್ಲವೋ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಯಾರ ಹಸಿವಿನ ಬಗ್ಗೆ ಜಗಳ ಎಂದು ಹೇಳಿ, ಆಮೇಲೆ ಹೇಳುತ್ತೇವೆ. ಹತ್ತು ರೂಪಾಯಿ ಕೊಟ್ಟ ಮುದುಕಿ ಪೆಂಡಾಲಿನ ಹೊರಗೆ ಕೂತಿದ್ದಾಳೆ. ಆಕೆಗೆ ಎರಡು ಬಣದ ಸಂಚಾಲಕರೂ ಕೂಡಿ ಹೋಗಿ ಲೆಕ್ಕ ಹೇಳಲಿ. ಆ ಲೆಕ್ಕದ ಮೇಲೆ ಜಗಳವಾದರೆ ಆಗಲಿ.